‘ಲಾ ಬಾಂಬಾ’ ಧ್ವನಿಮುದ್ರಿಕೆ: ಒಂದು ವಿಚಾರ

ಜನಪದ ಗೀತೆಯೊಂದು ವ್ಯಾಪಾರದ ಧ್ವನಿಮುದ್ರಿಕೆಯಾದಾಗ ಅದನ್ನು ಪರಂಪರೆಯ ಸಹಜವಾದ ಮುಂದುವರಿಕೆಯೆಂದು ಎಣಿಸಬೇಕೋ, ಕೇವಲ ಮಾರುಕಟ್ಟೆಯ ಸರಕೆಂದು ತಳ್ಳಿಬಿಡಬೇಕೋ ಎಂಬ ಪ್ರಶ್ನೆ ಇತಿಹಾಸಕಾರನಿಗೆ ಎದುರಾಗುವುದುಂಟು. ಅಮೆರಿಕೆಯಲ್ಲಿ 1958ರಲ್ಲಿ ಹೊರಬಂದ ‘ಲಾ ಬಾಂಬಾ’ವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಹಾಡಿನ ತವರು ಮೆಕ್ಸಿಕೋ ದೇಶದ ಪೂರ್ವ ಕರಾವಳಿಯ ವೆರಾಕ್ರೂಸ್ ಪ್ರಾಂತ. ಸ್ಪೇನಿನಿಂದ ಬಂದವರು, ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರು, ಅಲ್ಲಿನ ಮೂಲನಿವಾಸಿಗಳು, ಈ ಮೂವರ ಸಂಗೀತವೂ ಬೆರೆತು ಅಲ್ಲಿ ‘ಸೋನ್ ಹರೋಚೊ’ ಎಂಬ ಪದ್ಧತಿ ಬೆಳೆಯಿತು. ಹಾರ್ಪ್ ವಾದ್ಯವೂ ಹರಾನ ಎಂಬ ಚಿಕ್ಕ ಗಿಟಾರೂ ಇದರ ಜೀವಾಳ. ಮರದ ಹಲಗೆಯ ಮೇಲೆ ಕುಣಿಯುವವರ ಹೆಜ್ಜೆಯ ಸದ್ದೇ ತಾಳ. ಮದುವೆಗಳಲ್ಲಿ ‘ಲಾ ಬಾಂಬಾ’ ಹಾಡುವಾಗ ಜೋಡಿಯೊಂದು ನೆಲದ ಮೇಲಿರಿಸಿದ ಉದ್ದನೆಯ ಪಟ್ಟಿಯನ್ನು ಕೈ ಸೋಕಿಸದೆ ಕಾಲಿನಿಂದಲೇ ಗಂಟುಹಾಕುತ್ತ ಕುಣಿಯುವ ವಾಡಿಕೆಯುಂಟು. ನುಡಿಗಳಿಗೆ ನಿಶ್ಚಿತವಾದ ಪಾಠವಿಲ್ಲ. ಹಾಡುವವರು ಸಂದರ್ಭಕ್ಕೆ ತಕ್ಕಂತೆ ಕಟ್ಟಿ ಸೇರಿಸುತ್ತಾರೆ.

ಇದನ್ನು ರಾಕ್ ಅಂಡ್ ರೋಲ್ ಧಾಟಿಗೆ ತಂದ ರಿಚರ್ಡ್ ವಲೆನ್ಸುವೆಲ 1941ರ ಮೇ 13ರಂದು ಜನಿಸಿ, ಲಾಸ್ ಏಂಜಲಿಸ್ ನಗರದ ಪಕೋಯ್ಮ ಬಡಾವಣೆಯಲ್ಲಿ ಬೆಳೆದವನು. ಮೆಕ್ಸಿಕನ್ನನಾಗಿ ಕಾಣಿಸಿಕೊಳ್ಳುವುದು ಆಗ ನಿರಪಾಯದ ಸಂಗತಿಯಾಗಿರಲಿಲ್ಲ. 1954ರಲ್ಲಿ ಸರ್ಕಾರವೇ ಮೆಕ್ಸಿಕನ್ ಕೆಲಸಗಾರರನ್ನು ಹಿಂಡುಹಿಂಡಾಗಿ ಗಡಿಯಾಚೆಗೆ ಸಾಗಿಸಿತ್ತು. ಮನೆತನ ಮೆಕ್ಸಿಕೋ ಮೂಲದ್ದಾದರೂ ಹುಡುಗನು ಬೆಳೆದದ್ದು ಇಂಗ್ಲಿಷಿನಲ್ಲಿ. ಸ್ಪ್ಯಾನಿಷ್ ಅವನಿಗೆ ಸರಾಗವಾಗಿ ಬರುತ್ತಿರಲಿಲ್ಲ. ಡೆಲ್-ಫೈ ಕಂಪನಿಯ ಬಾಬ್ ಕೀನ್ ಹೆಚ್ಚು ಜನಕ್ಕೆ ಒಪ್ಪಿಗೆಯಾಗಲೆಂದು ಅವನ ಹೆಸರನ್ನು ‘ರಿಚಿ ವ್ಯಾಲೆನ್ಸ್’ ಎಂದು ಮೊಟಕುಗೊಳಿಸಿದನು.

ಹೀಗೆ ಹೆಸರು ಮೊಟಕಾಯಿತು, ಆದರೆ ಹಾಡಿನ ಭಾಷೆ ಇಡಿಯಾಗಿ ಉಳಿಯಿತು. ಒಂದೇ ಮುದ್ರಿಕೆಯ ಮೇಲೆ ಈ ಎರಡೂ ಇರುವುದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದು ನಮಗೆ ತೋರುತ್ತದೆ. ಮುಖ್ಯ ಪಾರ್ಶ್ವದಲ್ಲಿದ್ದ ‘ಡಾನ’ ಎಂಬ ಇಂಗ್ಲಿಷ್ ಪ್ರೇಮಗೀತೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಹಿಂಬದಿಯ ‘ಲಾ ಬಾಂಬಾ’ 22ನೆಯ ಸ್ಥಾನದಲ್ಲಿ ನಿಂತಿತು. ಆದರೂ ಪೂರ್ತಿಯಾಗಿ ಸ್ಪ್ಯಾನಿಷಿನಲ್ಲಿದ್ದ ಹಾಡೊಂದು ಇಂಗ್ಲಿಷ್ ಕೇಳುಗರ ಪಟ್ಟಿಯನ್ನು ಹೊಕ್ಕಿತೆಂಬುದು ಸಣ್ಣ ಮಾತಲ್ಲ. ಇದು ರಕ್ತದಲ್ಲಿಯೇ ಹರಿದುಬಂದ ಸೊತ್ತೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಅವನು ಆ ನುಡಿಗಳನ್ನು ಕಲಿತು ಹಾಡಬೇಕಾಯಿತು. ಬರಿಯ ವ್ಯಾಪಾರವೆನ್ನುವುದೂ ಸಲ್ಲದು. ಲಾಭವೊಂದೇ ಗುರಿಯಾಗಿದ್ದರೆ ಇಂಗ್ಲಿಷ್ ಪಲ್ಲವಿಯೊಂದನ್ನು ಹೊಸೆಯಲು ಎಷ್ಟು ಹೊತ್ತು ಬೇಕಿತ್ತು? ಹರಾನದ ಜಾಗಕ್ಕೆ ವಿದ್ಯುತ್ ಗಿಟಾರು, ಹಲಗೆಯ ಹೆಜ್ಜೆಗಳ ಜಾಗಕ್ಕೆ ಡ್ರಮ್ಮು ಬಂದವೆಂಬುದೇನೋ ನಿಜ. ಪಾಠಾಂತರಗಳಿಂದಲೇ ಬಾಳಿದ ಹಾಡಿಗೆ ಇದೂ ಒಂದು ಪಾಠಾಂತರ.

1959ರ ಫೆಬ್ರವರಿ 3ರಂದು ಅಯೋವ ಸಂಸ್ಥಾನದ ಕ್ಲಿಯರ್ ಲೇಕಿನ ಬಳಿ ವಿಮಾನವೊಂದು ಉರುಳಿ ವ್ಯಾಲೆನ್ಸ್, ಬಡ್ಡಿ ಹಾಲಿ, ಜೆ. ಪಿ. ರಿಚರ್ಡ್‌ಸನ್ ಮೂವರೂ ಮಡಿದರು. ವ್ಯಾಲೆನ್ಸನಿಗೆ ಆಗ 17 ವರ್ಷ. 1987ರಲ್ಲಿ ಅವನ ಜೀವನವನ್ನು ಕುರಿತ ಚಲಚ್ಚಿತ್ರಕ್ಕಾಗಿ ಲಾಸ್ ಏಂಜಲಿಸಿನ ಮೆಕ್ಸಿಕನ್-ಅಮೆರಿಕನ್ನರ ‘ಲೋಸ್ ಲೋಬೋಸ್’ ತಂಡವು ಈ ಹಾಡನ್ನು ಮತ್ತೆ ಹಾಡಿತು. ಅದು ಪಟ್ಟಿಯಲ್ಲಿ 1ನೆಯ ಸ್ಥಾನಕ್ಕೇರಿತು. ಆ ಮುದ್ರಿಕೆಯ ಕೊನೆಯಲ್ಲಿ ವಿದ್ಯುತ್ ಗಿಟಾರುಗಳು ಹಿಂದೆ ಸರಿದು ವೆರಾಕ್ರೂಸಿನ ಹಳೆಯ ತಂತಿವಾದ್ಯಗಳ ಧಾಟಿ ಕೇಳಿಬರುತ್ತದೆ.