ಲೋಕಶಕ್ತಿ

ರಾಮಕೃಷ್ಣ ಹೆಗಡೆಯವರು 1997ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಸ್ಥಾಪಿಸಿದ ರಾಜಕೀಯ ಪಕ್ಷ. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದ ಬೆನ್ನಲ್ಲೇ ಹೆಗಡೆಯವರನ್ನು ಜನತಾದಳದಿಂದ ಉಚ್ಚಾಟಿಸಲಾಯಿತು. ಅವರು ಮೊದಲು ಕಟ್ಟಿದ ರಾಷ್ಟ್ರೀಯ ನವನಿರ್ಮಾಣ ವೇದಿಕೆಯ ಮುಂದಿನ ರೂಪವೇ ಈ ಪಕ್ಷ.

1998ರ ಲೋಕಸಭಾ ಚುನಾವಣೆಯಲ್ಲಿ ಲೋಕಶಕ್ತಿ ಬಿಜೆಪಿಯೊಂದಿಗೆ ಮೈತ್ರಿ ಮಾಡಿಕೊಂಡಿತು. ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿ 13, ಕಾಂಗ್ರೆಸ್ 9, ಲೋಕಶಕ್ತಿ 3 ಗೆದ್ದವು. 1996ರಲ್ಲಿ 16 ಸ್ಥಾನ ಪಡೆದಿದ್ದ ಜನತಾದಳ 3ಕ್ಕೆ ಇಳಿಯಿತು. ಹೆಗಡೆ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು.

ಪಕ್ಷದ ಅವನತಿ ಶುರುವಾದದ್ದು ಸೋಲಿನಿಂದಲ್ಲ, 1999ರ ಮರುಹೊಂದಾಣಿಕೆಯಿಂದ. ಆ ವರ್ಷ ಜನತಾದಳ ಒಡೆಯಿತು. ದೇವೇಗೌಡರ ಬಣ ಜೆಡಿಎಸ್ ಆಯಿತು. ಶರದ್ ಯಾದವ್ ಮತ್ತು ಮುಖ್ಯಮಂತ್ರಿ ಜೆ.ಎಚ್. ಪಟೇಲರಿದ್ದ ಬಣ ಜೆಡಿಯು ಆಗಿ ಬಿಜೆಪಿ ಮೈತ್ರಿಕೂಟಕ್ಕೆ ಬಂತು. ಲೋಕಶಕ್ತಿಯ ನಾಯಕರು ಈ ಹೊಸ ಹೆಸರಿನಲ್ಲೇ ಲೋಕಸಭಾ ಚುನಾವಣೆಗೆ ಇಳಿದರು. ಅಲ್ಲಿಯವರೆಗೆ ಪಟೇಲರ ಸರ್ಕಾರವನ್ನು ವಿರೋಧಿಸುತ್ತಿದ್ದ ರಾಜ್ಯ ಬಿಜೆಪಿಗೆ ಈ ನಂಟು ಒಗ್ಗಲಿಲ್ಲ. ಜೊತೆಗೇ ನಡೆದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 132 ಸ್ಥಾನ ಗೆದ್ದು ಅಧಿಕಾರ ಹಿಡಿಯಿತು. ಬಿಜೆಪಿ 44, ಜೆಡಿಯು 18, ಜೆಡಿಎಸ್ 10 ಗೆದ್ದವು. ಚನ್ನಗಿರಿಯಲ್ಲಿ ಪಟೇಲರೇ ಸೋತರು.

ಜೆಡಿಯು ಕರ್ನಾಟಕದಲ್ಲಿ ಗೆದ್ದ ಲೋಕಸಭಾ ಸ್ಥಾನಗಳೂ ಮೂರೇ ಆದ್ದರಿಂದ, ಲೋಕಶಕ್ತಿಯ ಬಲ ಹಾಗೇ ಉಳಿದಿತ್ತೆಂಬ ತಪ್ಪು ಕಲ್ಪನೆಗೆ ಎಡೆಯಾಗುತ್ತದೆ. ಕ್ಷೇತ್ರವಾರು ವಿವರ ಬೇರೆಯದನ್ನೇ ಹೇಳುತ್ತದೆ. 1998ರ ವಿಜಯಗಳು ಚಿಕ್ಕೋಡಿ, ಬಾಗಲಕೋಟೆ, ಧಾರವಾಡ ದಕ್ಷಿಣದವು. ಮೂರೂ ಹಳೆಯ ಮುಂಬಯಿ ಕರ್ನಾಟಕದ ಕ್ಷೇತ್ರಗಳು. 1999ರ ವಿಜಯಗಳು ಚಿಕ್ಕೋಡಿ, ಚಿತ್ರದುರ್ಗ, ಚಾಮರಾಜನಗರದವು. ಎರಡೂ ಪಟ್ಟಿಗಳಲ್ಲಿ ಇರುವವರು ಚಿಕ್ಕೋಡಿಯ ರಮೇಶ ಜಿಗಜಿಣಗಿ ಮಾತ್ರ. ಪಕ್ಷಕ್ಕೆ ನೆಲೆ ಕೊಟ್ಟಿದ್ದ ಉತ್ತರದ ಹಿಡಿತ ಒಂದೂವರೆ ವರ್ಷದಲ್ಲೇ ಸಡಿಲಗೊಂಡಿತ್ತು. ಹೊಸ ಕೇಂದ್ರ ಸಂಪುಟದಲ್ಲಿ ಹೆಗಡೆಯವರಿಗೂ ಸ್ಥಾನ ದೊರೆಯಲಿಲ್ಲ.

ಪಟೇಲರು 2000ದ ಡಿಸೆಂಬರಿನಲ್ಲಿ, ಹೆಗಡೆ 2004ರ ಜನವರಿ 12ರಂದು ನಿಧನರಾದರು. ಲೋಕಶಕ್ತಿಯ ಅಂತ್ಯವನ್ನು ಹೆಗಡೆಯವರ ಸಾವಿನೊಂದಿಗೆ ಜೋಡಿಸುವುದಕ್ಕಿಂತ, ಅದು ಸ್ವಂತ ಹೆಸರು ಬಿಟ್ಟು ಮತ ಕೇಳಿದ 1999ಕ್ಕೆ ಗುರುತಿಸುವುದು ಹೆಚ್ಚು ಸರಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ 79 ಸ್ಥಾನಗಳೊಂದಿಗೆ ಅತಿದೊಡ್ಡ ಪಕ್ಷವಾದಾಗ ಜೆಡಿಯು 5ಕ್ಕೆ ಕುಸಿದಿತ್ತು. ಅದೇ ವರ್ಷ ಜಿಗಜಿಣಗಿ ಚಿಕ್ಕೋಡಿಯಿಂದ ಮತ್ತೆ ಲೋಕಸಭೆಗೆ ಆಯ್ಕೆಯಾದದ್ದು ಬಿಜೆಪಿ ಅಭ್ಯರ್ಥಿಯಾಗಿ.