ತಿರುಗುವ ಚಕ್ಕು ನಿಂತಂತೆ ಕಂಡರೆ: ವರ್ಕ್‌ಶಾಪಿನ ಟ್ಯೂಬ್‌ಲೈಟಿನಿಂದ ಎಲ್‌ಇಡಿಗೆ

ವರ್ಕ್‌ಶಾಪಿನಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕುವ ಮಾತು ಸಾಮಾನ್ಯವಾಗಿ ಕರೆಂಟ್ ಬಿಲ್ಲಿನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಆ ಲೆಕ್ಕದಲ್ಲಿ ತಪ್ಪಿಲ್ಲ. 36 ವ್ಯಾಟಿನ ಟ್ಯೂಬು, ಹಳೆಯ ಚೋಕ್ ತಿನ್ನುವ ಸುಮಾರು 10 ವ್ಯಾಟ್ ಸೇರಿ 46. ಆ ಜಾಗಕ್ಕೆ ಬರುವ ಎಲ್‌ಇಡಿ 20. ಇಂಥ 24 ಟ್ಯೂಬುಗಳು ದಿನಕ್ಕೆ 8 ಗಂಟೆಯಂತೆ 300 ದಿನ ಉರಿದರೆ ವರ್ಷದ ಉಳಿತಾಯ ಸುಮಾರು 1,500 ಯೂನಿಟ್. ಈ ಟಿಪ್ಪಣಿಯ ಪ್ರಶ್ನೆ ಬೇರೆ: ಹೊಸ ಬೆಳಕಿನಲ್ಲಿ, ತಿರುಗುವ ಯಂತ್ರ ತಿರುಗುತ್ತಿದೆ ಎಂದು ಕಣ್ಣಿಗೆ ತಿಳಿಯುತ್ತದೆಯೇ?

ನಮ್ಮ ವಿದ್ಯುತ್ತು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿಯುವ, ನಾಲ್ಕು ಜಾಗಳ (ದವಡೆಗಳ) ಚಕ್ಕು 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸುತ್ತು ಹಾಕುತ್ತದೆ. ಬೆಳಕಿನ ಒಂದು ಮಿಡಿತದಿಂದ ಇನ್ನೊಂದರ ಹೊತ್ತಿಗೆ ಅದು ಸರಿಯಾಗಿ ಕಾಲು ಸುತ್ತು ತಿರುಗಿ, ಒಂದು ಜಾ ಇದ್ದಲ್ಲಿಗೆ ಮುಂದಿನದು ಬಂದಿರುತ್ತದೆ. ಕಣ್ಣಿಗೆ ಚಕ್ಕು ನಿಂತಂತೆಯೇ ಕಾಣಬಹುದು. ಮೂರು ಜಾಗಳ ಚಕ್ಕಿಗೆ ಆ ವೇಗ 2000. ನಿಂತಿದೆಯೆಂದು ನಂಬಿ ಚಾಚಿದ ಕೈಗೆ ಆಗುವ ಗತಿಯನ್ನು ವಿವರಿಸಬೇಕಿಲ್ಲ.

ಎಲ್‌ಇಡಿ ಬಂದಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲ. ಟ್ಯೂಬಿನೊಳಗಿನ ಫಾಸ್ಫರ್ ಲೇಪಕ್ಕೆ ಕ್ಷಣಕಾಲ ಬೆಳಕನ್ನು ಹಿಡಿದಿಡುವ ಗುಣವಿದೆ. ಆದ್ದರಿಂದ ಮಿಡಿತದ ನಡುವೆ ಪೂರ್ತಿ ಕತ್ತಲಾಗುವುದಿಲ್ಲ. ಬಿಳಿ ಎಲ್‌ಇಡಿಯಲ್ಲಿ ಈ ಹಿಡಿತ ಬಹಳ ಕಡಿಮೆ. ಅದಕ್ಕೆ ಕರೆಂಟ್ ಒದಗಿಸುವ ಡ್ರೈವರಿನಲ್ಲಿ ಸಾಕಷ್ಟು ಕೆಪಾಸಿಟರ್ ಇಲ್ಲದಿದ್ದರೆ ಬೆಳಕು ಪ್ರತಿ ಅರೆ ಆವರ್ತಕ್ಕೊಮ್ಮೆ ಹೆಚ್ಚುಕಡಿಮೆ ಆರಿಹೋಗುತ್ತದೆ. ಎಲೆಕ್ಟ್ರಾನಿಕ್ ಚೋಕ್ ಟ್ಯೂಬನ್ನು ಉರಿಸುವುದು 20,000 ಹರ್ಟ್ಸ್‌ಗೂ ಮೇಲೆ. ಅದನ್ನು ತೆಗೆದು ಅಗ್ಗದ ಎಲ್‌ಇಡಿ ಹಾಕಿದವರು ಹಣ ಕೊಟ್ಟು ಹಿಂದಕ್ಕೆ ಹೋದಂತೆ.

ಪರೀಕ್ಷೆ ಸುಲಭ. ಬೇರೆ ದೀಪಗಳನ್ನು ಆರಿಸಿ, ಹೊಸ ಬೆಳಕಿನಡಿ ಒಂದು ಪೆನ್ಸಿಲನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಬೇಕು. ಡ್ರೈವರ್ ಚೆನ್ನಾಗಿದ್ದರೆ ಅದು ಮಬ್ಬಾದ ಒಂದೇ ಪಟ್ಟೆಯಾಗಿ ಹರಡುತ್ತದೆ. ಮಿಡಿಯುವ ಬೆಳಕಿನಲ್ಲಿ ಬಿಡಿಬಿಡಿ ಪೆನ್ಸಿಲುಗಳ ಸಾಲೇ ಕಾಣುತ್ತದೆ.

ವೈರಿಂಗಿನಲ್ಲೂ ಇಷ್ಟೇ ಎಚ್ಚರ ಬೇಕು. ಕೆಲವು ಎಲ್‌ಇಡಿ ಟ್ಯೂಬುಗಳಿಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಯಲ್ಲಿ, ಕೆಲವಕ್ಕೆ ತುದಿಗೊಂದು. ಎರಡನೆಯ ಬಗೆಯಲ್ಲಿ ಒಂದು ತುದಿ ಹೋಲ್ಡರಿನಲ್ಲಿ ಕೂತಾಗ ಇನ್ನೊಂದು ತುದಿಯ ಪಿನ್ನಿಗೆ ಕರೆಂಟ್ ಬರುವ ಸಂಭವವಿದೆ. ಮೇನ್ ಆಫ್ ಮಾಡದೆ ಮುಟ್ಟಬಾರದು. ಚೋಕ್ ತೆಗೆದ ಪಟ್ಟಿಯ ಮೇಲೆ ‘ಎಲ್‌ಇಡಿ ಮಾತ್ರ’ ಎಂದು ಬರೆದಿಡಬೇಕು. ನಾಳೆ ಏಣಿ ಹತ್ತುವವರು ಬೇರೆಯವರಿರಬಹುದು. ಇಳಿಸಿದ ಟ್ಯೂಬುಗಳಲ್ಲಿ ಪಾದರಸವಿದೆ. ಒಡೆಯದೆ ಇ-ತ್ಯಾಜ್ಯಕ್ಕೆ ಕೊಡಬೇಕು.

ಪಾದರಸದ ಕಾರಣಕ್ಕೇ 2023ರಲ್ಲಿ ಮಿನಮಾಟ ಒಪ್ಪಂದದ ದೇಶಗಳು ಉದ್ದ ಟ್ಯೂಬುಗಳ ತಯಾರಿಕೆಯನ್ನು 2027ರೊಳಗೆ ಕೊನೆಗಾಣಿಸಲು ಒಪ್ಪಿವೆ. ಹಾಗಾಗಿ ಬದಲಾವಣೆ ಹೇಗೂ ಬರುತ್ತದೆ. ಎಲ್ಲ 24 ಟ್ಯೂಬುಗಳನ್ನು ಒಟ್ಟಿಗೆ ಕೊಳ್ಳುವ ಮೊದಲು ಒಂದನ್ನು ತಂದು, ಲೇತಿನ ಮೇಲೆ ತೂಗಿಹಾಕಿ, ಪೆನ್ಸಿಲ್ ಆಡಿಸಿ ನೋಡಿ. ಬೆಲೆಯನ್ನು ಆಮೇಲೆ ಕೇಳೋಣ.