ಪಡಸಾಲೆಯಿಂದ ಗುಡಿಕಟ್ಟೆಗೆ: ಧಾರವಾಡ ಗ್ರಾಮಾಂತರದಲ್ಲಿ ನೆಲೆ ತಪ್ಪಿದ ಮಾಜಿ ಸೈನಿಕರು, ಕುಡಿತದ ಚಿಕಿತ್ಸೆ ಮತ್ತು ಸಮಾಜಕಾರ್ಯ

ಜನಗಣತಿಯ ಲೆಕ್ಕದಲ್ಲಿ ಮನೆಯಿಲ್ಲದವರೆಂದರೆ ರಸ್ತೆ ಬದಿಯಲ್ಲಿ, ಗುಡಿ ಮಂಟಪಗಳಲ್ಲಿ, ರೈಲು ನಿಲ್ದಾಣಗಳಲ್ಲಿ ರಾತ್ರಿ ಕಳೆಯುವವರು. 2011ರ ಫೆಬ್ರುವರಿ 28ರ ಒಂದೇ ರಾತ್ರಿಯಲ್ಲಿ ದೇಶದುದ್ದಕ್ಕೂ ಅಂಥವರನ್ನು ಎಣಿಸಿದಾಗ ಸಿಕ್ಕ ಸಂಖ್ಯೆ ಸುಮಾರು 17.7 ಲಕ್ಷ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನೆಲೆ ತಪ್ಪಿದ ಗಂಡಸು ಈ ಬಲೆಗೆ ಬೀಳುವುದು ಕಷ್ಟ. ಅವನ ಹೆಸರು ರೇಷನ್ ಕಾರ್ಡಿನಲ್ಲಿ ಇದ್ದೇ ಇರುತ್ತದೆ, ಮತದಾರರ ಪಟ್ಟಿಯಲ್ಲಿ ಮನೆ ನಂಬರೂ ಇರುತ್ತದೆ. ಇಲ್ಲದೆ ಹೋಗಿರುವುದು ಮನೆಯೊಳಗಿನ ಜಾಗ. ಈ ಭಾಗದ ಹಳೆಯ ಮನೆಯ ರಚನೆಯನ್ನೇ ನೋಡಬಹುದು: ಬಾಗಿಲು ದಾಟಿದರೆ ದನ ಕಟ್ಟುವ ದಂದಕ್ಕಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ನಡುಮನೆ, ಅದರಾಚೆ ಅಡುಗೆಮನೆ. ಕುಡಿತಕ್ಕೆ ಬಿದ್ದವನು ಒಂದೇ ದಿನ ಬೀದಿಪಾಲಾಗುವುದಿಲ್ಲ. ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ದಂದಕ್ಕಿಗೆ, ಅಲ್ಲಿಂದ ಗುಡಿಕಟ್ಟೆಗೆ ಅವನ ಹಾಸಿಗೆ ಹೊರಹೊರಗೆ ಸರಿಯುತ್ತದೆ. ಊಟದ ತಾಟು ಬೇರೆಯಾಗುತ್ತದೆ, ಆಮೇಲೆ ಊಟವೇ ನಿಲ್ಲುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಮಲಗುವ ಹೊತ್ತಿಗೆ ಅವನು ಮನೆ ಕಳೆದುಕೊಂಡು ವರ್ಷಗಳೇ ಆಗಿರುತ್ತವೆ.

ಈ ಲೇಖನದ ವಾದ ಇಷ್ಟು: ಮಾಜಿ ಸೈನಿಕನ ವಿಷಯದಲ್ಲಿ ಕುಡಿತ ಮತ್ತು ನೆಲೆ ತಪ್ಪುವಿಕೆಯನ್ನು ಕಾರಣ, ಪರಿಣಾಮ ಎಂದು ಬಿಡಿಸಿ, ಮೊದಲು ಕುಡಿತ ಬಿಡಿಸೋಣ, ನೆಲೆಯ ಮಾತು ಆಮೇಲೆ ಎಂದು ಹೊರಟಿರುವುದರಿಂದಲೇ ನಮ್ಮ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತಿದೆ. ಮಲಗುವ ಜಾಗ, ಕಾಗದಪತ್ರ, ದಿನದ ಕೆಲಸ ಈ ಮೂರನ್ನೂ ಔಷಧಿಯ ಜೊತೆಜೊತೆಗೆ ಕಟ್ಟಿಕೊಡಬೇಕು. ಅದನ್ನು ಮಾಡಬೇಕಾದವನು ಸಮಾಜಕಾರ್ಯಕರ್ತ, ಮಾಡಬೇಕಾದ ಜಾಗ ತಾಲ್ಲೂಕು.

ಸೈನಿಕನ ಸ್ಥಿತಿ ಬೇರೆ ಕುಡುಕರಿಗಿಂತ ಹೇಗೆ ಭಿನ್ನ ಎಂಬುದನ್ನು ಮೊದಲು ನೋಡಬೇಕು. ಸಿಪಾಯಿ ದರ್ಜೆಯವರು 15ರಿಂದ 20 ವರ್ಷ ಸೇವೆ ಮುಗಿಸಿ, ನಲವತ್ತರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಮಂಚ, ಜೊತೆಗಾರರು ಎಲ್ಲವನ್ನೂ ಅಲ್ಲಿಯವರೆಗೆ ರೆಜಿಮೆಂಟೇ ಒದಗಿಸಿರುತ್ತದೆ. ಊರಿನಲ್ಲಿ ಅಷ್ಟು ವರ್ಷ ಹೊಲ ಮಾಡಿದವನು ಅಣ್ಣನೋ ತಮ್ಮನೋ. ಉತಾರದಲ್ಲಿ ತಂದೆಯ ಹೆಸರೇ ಉಳಿದಿರಬಹುದು, ಇಲ್ಲವೆ ವಾರಸಾ ಆಗುವಾಗ ಊರಿನಲ್ಲಿದ್ದವರ ಹೆಸರು ಮಾತ್ರ ಕೂತಿರಬಹುದು. ಎರೆಭೂಮಿಯ ನವಲಗುಂದ, ಅಣ್ಣಿಗೇರಿಗಳಲ್ಲಿ ಹಿಂಗಾರಿನ ಕಡಲೆ, ಜೋಳ ಮಳೆಯ ಮೇಲೆ ನಿಂತ ಬೆಳೆಗಳು. ಇರುವ ಹೊಲ ಇನ್ನೊಂದು ಪಾಲು ತಾಳುವುದಿಲ್ಲ ಎಂಬ ಅಣ್ಣನ ಮಾತಿನಲ್ಲೂ ಸುಳ್ಳಿರುವುದಿಲ್ಲ. ಹೀಗೆ ಪೆನ್ಶನ್ ಇದ್ದೂ ಕೆಲಸವಿಲ್ಲದ, ಗೌರವ ಇದ್ದೂ ಜಾಗವಿಲ್ಲದ ಒಬ್ಬ ಗಂಡಸು ಪಡಸಾಲೆಯಲ್ಲಿ ಕೂರುತ್ತಾನೆ. ಮಿಲಿಟರಿ ಕ್ಯಾಂಟೀನಿನಲ್ಲಿ ತಿಂಗಳಿಗಿಷ್ಟು ಬಾಟಲಿ ಕಡಿಮೆ ದರದಲ್ಲಿ ಸಿಗುತ್ತದೆ. ಊರಿನವರು ಅದಕ್ಕಾಗಿಯೇ ಅವನ ಸ್ನೇಹ ಬೆಳೆಸುತ್ತಾರೆ. ಸೇವೆಯಲ್ಲಿ ಗುಂಪಿನೊಡನೆ, ಗೊತ್ತಾದ ಹೊತ್ತಿನಲ್ಲಿ ನಡೆಯುತ್ತಿದ್ದ ಕುಡಿತಕ್ಕೆ ಇಲ್ಲಿ ಹೊತ್ತೂ ಇಲ್ಲ, ಹೇಳುವವರೂ ಇಲ್ಲ. ಕೆಲಸ ಸಿಕ್ಕರೂ ಬಹುಪಾಲು ಹುಬ್ಬಳ್ಳಿಯಲ್ಲಿ ಸೆಕ್ಯುರಿಟಿ ಕೆಲಸ, ಅದೂ ರಾತ್ರಿ ಪಾಳಿ. ನಿದ್ದೆಗೆಟ್ಟು ಒಬ್ಬನೇ ಕೂರುವ ಆ ಕೆಲಸ ಕುಡಿತ ಬಿಡುತ್ತಿರುವವನಿಗೆ ಒಗ್ಗುವುದಿಲ್ಲ.

ಚಿಕಿತ್ಸೆಯ ಏರ್ಪಾಡು ಇಲ್ಲವೆಂದಲ್ಲ. ಧಾರವಾಡದ ಡಿಮ್ಹಾನ್ಸ್ ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆಯಿಂದ ಬೆಳೆದು ಬಂದ ಸಂಸ್ಥೆ. ಹುಬ್ಬಳ್ಳಿಯ ಕಿಮ್ಸ್‌ನಲ್ಲೂ ಮನೋವೈದ್ಯ ವಿಭಾಗವಿದೆ. ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬಂದು ಮಂಗಳವಾರ ರೋಗಿಗಳನ್ನು ನೋಡುವ ಮನೋಚೈತನ್ಯ ಕಾರ್ಯಕ್ರಮವೂ ಇದೆ. ಜಿಲ್ಲೆಯನ್ನೇ ಘಟಕವಾಗಿ ಹಿಡಿದು ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟಿದ್ದೇ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಕೈಗೊಂಡ ಪ್ರಯೋಗ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಆದರೂ ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯದ ಅವಲಂಬನೆಗೆ ಒಳಗಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ. ಆಸ್ಪತ್ರೆಗೆ ದಾಖಲಾದವರು 180ರಲ್ಲಿ ಒಬ್ಬರು. ದೂರ, ಖರ್ಚು, ನಾಚಿಕೆ ಇವೆಲ್ಲ ಕಾರಣವಾಗಿರಬಹುದು. ಅಷ್ಟಾಗಿ ಯಾರೂ ಎತ್ತದ ಇನ್ನೊಂದು ಕಾರಣವೆಂದರೆ, ನಮ್ಮ ಚಿಕಿತ್ಸೆಯ ಪ್ರತಿ ಹೆಜ್ಜೆಯೂ ರೋಗಿಯ ಹಿಂದೆ ಒಂದು ಮನೆ ಇದೆ ಎಂದುಕೊಂಡೇ ನಡೆಯುತ್ತದೆ. ವ್ಯಸನಮುಕ್ತಿ ವಾರ್ಡಿನಲ್ಲಿ ಸಾಮಾನ್ಯವಾಗಿ ಜೊತೆಗೊಬ್ಬ ಮನೆಯವರು ಇರಬೇಕು. ದೀರ್ಘಕಾಲ ಕುಡಿದವನು ತಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಭ್ರಮೆ, ಬಡಬಡಿಕೆ ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ಎಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂದು ವೈದ್ಯರಿಗೆ ಹೇಳುವವರು ಹೆಂಡತಿಯೋ ತಾಯಿಯೋ. ಡೈಸಲ್ಫಿರಾಂ ಮಾತ್ರೆ ಕೆಲಸ ಮಾಡುವುದು ಯಾರಾದರೂ ಎದುರಿಗೆ ನಿಂತು ನುಂಗಿಸಿದಾಗ. ಗುಡಿಕಟ್ಟೆಯ ಮೇಲೆ ಮಲಗುವವನಿಗೆ ಈ ಸಾಕ್ಷಿಯೂ ಇಲ್ಲ, ಈ ಕಾವಲೂ ಇಲ್ಲ.

ಹಳ್ಳಿಗೆ ಹೆಚ್ಚು ಹತ್ತಿರ ಬಂದಿರುವುದು ಶಿಬಿರಗಳೇ. ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಲ್ಲಿ ತಂಜಾವೂರು ಸೀಮೆಯ ಮಂಜಕ್ಕುಡಿಯಲ್ಲಿ ಶುರುಮಾಡಿದ ಗ್ರಾಮೀಣ ಶಿಬಿರ, ಆಸ್ಪತ್ರೆಯಿಲ್ಲದ ಕಡೆಯೂ ಊರಿನವರ ಸಹಾಯದಿಂದ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಕರ್ನಾಟಕದಲ್ಲಿ ಶ್ರೀಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ವಾರದ ಮಟ್ಟಿಗೆ ಊರಿನ ಕಲ್ಯಾಣಮಂಟಪದಲ್ಲೋ ಶಾಲೆಯಲ್ಲೋ ನಡೆಯುತ್ತವೆ. ಮುಗಿದ ಮೇಲೂ ನವಜೀವನ ಸಮಿತಿಗಳ ಮೂಲಕ ನಂಟು ಉಳಿಸಿಕೊಳ್ಳುತ್ತವೆ. ಈ ಕೆಲಸವನ್ನು ನಾನು ಲಘುವಾಗಿ ಕಾಣಲಾರೆ. ಕುಡುಕನೆಂದು ಊರೆಲ್ಲ ಬೈಯುತ್ತಿದ್ದವನ ಜೊತೆ ಅದೇ ಊರಿನ ಹಿರಿಯರು ಕೂತು ಉಣ್ಣುವುದು ದೊಡ್ಡ ಸಂಗತಿ. ಆದರೆ ಶಿಬಿರದ ಬಲವೆಲ್ಲ ಸಂಸಾರಕ್ಕೆ ಮರಳಿಸುವುದರಲ್ಲಿದೆ. ಮರಳಲು ಸಂಸಾರವೇ ಉಳಿದಿಲ್ಲದವನು ಎಂಟನೆಯ ದಿನ ಎಲ್ಲಿಗೆ ಹೋಗಬೇಕು? ಅವನು ಹೋಗುವುದು ಅದೇ ಗುಡಿಕಟ್ಟೆಗೆ, ಅದೇ ಗೆಳೆಯರ ನಡುವೆ. ಆಮೇಲೆ ಅವನು ಕುಡಿದರೆ ಮನಸ್ಸು ಗಟ್ಟಿಯಿರಲಿಲ್ಲ ಎನ್ನುತ್ತೇವೆ.

ಈ ಅನುಕ್ರಮವನ್ನು ತಿರುವಿ ಹಾಕಿದ ಪ್ರಯೋಗ ಅಮೆರಿಕದಲ್ಲಿ ನಡೆದಿದೆ. 1992ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ನ್ಯೂಯಾರ್ಕಿನಲ್ಲಿ ಶುರುಮಾಡಿದ ಸಂಸ್ಥೆ, ಕುಡಿತ ಬಿಟ್ಟರೆ ಮನೆ ಎನ್ನುವ ಷರತ್ತನ್ನೇ ತೆಗೆದುಹಾಕಿ ಮೊದಲು ಬಾಡಿಗೆ ಮನೆ ಕೊಟ್ಟಿತು. ಚಿಕಿತ್ಸೆ, ಸಮಾಜಕಾರ್ಯಕರ್ತರ ಭೇಟಿ ಅದರ ಬೆನ್ನಿಗೆ ಬಂದವು. ಮುಂದೆ ಅಲ್ಲಿಯ ಸರ್ಕಾರ ಮಾಜಿ ಸೈನಿಕರಿಗೆ ಬಾಡಿಗೆ ನೆರವು ಮತ್ತು ಸಮಾಜಕಾರ್ಯಕರ್ತರ ಸೇವೆಯನ್ನು ಜೋಡಿಸಿ ಕೊಡುವುದನ್ನು ವಿಸ್ತರಿಸಿತು. ಒಂದು ರಾತ್ರಿಯ ಎಣಿಕೆಯಲ್ಲಿ 2010ರಲ್ಲಿ 74 ಸಾವಿರದಷ್ಟಿದ್ದ ನಿರ್ವಸಿತ ಮಾಜಿ ಸೈನಿಕರ ಸಂಖ್ಯೆ 2024ಕ್ಕೆ 33 ಸಾವಿರದೊಳಗೆ ಇಳಿಯಿತು. ಇದನ್ನು ಹಾಗೇ ಎತ್ತಿ ಕುಂದಗೋಳದಲ್ಲಿ ಇಡಲಾಗದು. ಇಲ್ಲಿ ಒಂಟಿ ಗಂಡಸಿಗೆ, ಅದೂ ಕುಡುಕನೆಂದು ಹೆಸರಾದವನಿಗೆ, ಬಾಡಿಗೆಗೆ ಖೋಲಿ ಕೊಡುವವರು ವಿರಳ. ಹಳ್ಳಿಯಲ್ಲಂತೂ ಖೋಲಿಗೆ ಮುಂಚೆ ಓಣಿಯ ಒಪ್ಪಿಗೆ ಬೇಕು. ತೆಗೆದುಕೊಳ್ಳಬೇಕಾದದ್ದು ಅದರ ಕ್ರಮವನ್ನು: ನೆಲೆ ಎಂಬುದು ಗುಣವಾದವನಿಗೆ ಕೊಡುವ ಬಹುಮಾನವಲ್ಲ, ಗುಣವಾಗಲು ಬೇಕಾದ ಮೊದಲ ಸಾಮಗ್ರಿ.

ಇಲ್ಲಿ ಬಹಳ ಗಂಭೀರವಾದ ಒಂದು ಆಕ್ಷೇಪವಿದೆ. ಅವನನ್ನು ಮನೆಯಿಂದ ಹೊರಗಿಟ್ಟವರು ಸುಮ್ಮನೆ ಇಟ್ಟಿಲ್ಲ. ಹೊಡೆತ ತಿಂದವಳು ಹೆಂಡತಿ, ಪುಸ್ತಕ ಬಿಟ್ಟು ಓಡಿಹೋಗಿ ನೆರೆಮನೆಯಲ್ಲಿ ಅಡಗಿದವರು ಮಕ್ಕಳು. ಗಂಡ ಸೇವೆಯಲ್ಲಿದ್ದಾಗ ಜೀವನಾಂಶಕ್ಕಾಗಿ ಅವನ ಮೇಲಧಿಕಾರಿಗೆ ಅರ್ಜಿ ಬರೆಯಲು ಅವಳಿಗೆ ದಾರಿಯಿತ್ತು. 1950ರ ಸೇನಾ ಕಾಯ್ದೆ ಸಂಬಳದಲ್ಲೇ ಕಡಿತಕ್ಕೆ ಅವಕಾಶ ಕೊಡುತ್ತದೆ. ನಿವೃತ್ತಿಯಾದ ದಿನವೇ ಆ ಬಾಗಿಲು ಮುಚ್ಚಿ, ಅವಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಇಂಥವಳ ಮುಂದೆ ಗಂಡನನ್ನು ನಿಲ್ಲಿಸಿ, ಬಿಟ್ಟಿದ್ದಾನೆ, ಒಳಗೆ ಕರೆದುಕೋ ಎಂದು ಹಿರಿಯರಿಂದ ಹೇಳಿಸುವುದು ಸಮಾಜಕಾರ್ಯವಲ್ಲ, ಅನ್ಯಾಯ. ಹಾಗಾಗಿ ನೆಲೆ ಎಂದಾಗ ನಾನು ಹಳೆಯ ನಡುಮನೆಯನ್ನು ಹೇಳುತ್ತಿಲ್ಲ. ಅದೇ ಊರಿನಲ್ಲಿ, ಆದರೆ ಬೇರೆ ಬಾಗಿಲಿನ ಒಂದು ಖೋಲಿ, ಮಠದ ಒಂದು ಕೋಣೆ, ಅಣ್ಣತಮ್ಮಂದಿರ ಪಾಲಿನಲ್ಲಿ ಅವನಿಗೆ ಬರಬೇಕಾದ ಒಂದು ಅಂಕಣ ಸಾಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಹೆಂಡತಿಗಿರುವ ವಾಸದ ಹಕ್ಕು ಮೊದಲು, ಅವನ ಮರಳಿಕೆ ಅವಳು ಬಯಸಿದರೆ ಮಾತ್ರ. ಅವನಿಗೆ ಬೇರೆ ನೆಲೆ ಇದ್ದಾಗಲೇ ಅವಳು ಯಾರ ಒತ್ತಾಯಕ್ಕೂ ಮಣಿಯದೆ ಬೇಡ ಎನ್ನಬಲ್ಲಳು.

ಇನ್ನೊಂದು ಮಾತು: ಪೆನ್ಶನ್ ಬರುವವನಿಗೆ ಇಷ್ಟು ಆರೈಕೆ ಏಕೆ, ಕೂಲಿಯವನೂ ಕುಡಿದು ಹಾಳಾಗಿಲ್ಲವೇ? ಕೂಲಿಯವನಿಗೂ ಇದೇ ನೆರವು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೆನ್ಶನ್ ತಾನಾಗಿ ರಕ್ಷಣೆಯಾಗದು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ, ತಾನು ಬದುಕಿದ್ದೇನೆಂದು ಪೆನ್ಶನ್‌ದಾರ ಜೀವಂತ ಪ್ರಮಾಣಪತ್ರ ಕೊಡಬೇಕು. ರಕ್ಷಣಾ ಪೆನ್ಶನ್ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಆಧಾರ್, ಬೆರಳಚ್ಚು, ಮೊಬೈಲಿಗೆ ಬರುವ ಓಟಿಪಿ ಬೇಕು. ಗುಡಿಕಟ್ಟೆಯಲ್ಲಿ ಮಲಗುವವನ ಮೊಬೈಲ್ ಕಳೆದಿರುತ್ತದೆ, ಡಿಸ್ಚಾರ್ಜ್ ಬುಕ್ ಮನೆಯ ಟ್ರಂಕಿನಲ್ಲಿ ಇರುತ್ತದೆ, ಎಟಿಎಂ ಕಾರ್ಡು ಸಾಲ ಕೊಟ್ಟವನ ಕಿಸೆಯಲ್ಲಿರುತ್ತದೆ. ಪ್ರಮಾಣಪತ್ರ ತಪ್ಪಿದರೆ ಪೆನ್ಶನ್ ನಿಲ್ಲುತ್ತದೆ. ಇದೇ ಹೊತ್ತು ಸಮಾಜಕಾರ್ಯಕರ್ತನಿಗೆ ಸಿಗುವ ಅತ್ಯುತ್ತಮ ಸಂದರ್ಭವೂ ಹೌದು. ಯಾರು ಆ ವರ್ಷ ಪ್ರಮಾಣಪತ್ರ ಕೊಟ್ಟಿಲ್ಲ ಎಂಬ ಪಟ್ಟಿ ಸೈನಿಕ ಕಲ್ಯಾಣ ಇಲಾಖೆಯ ಕೈಗೆ ಬಂದು, ಅದು ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ, ಪಂಚಾಯತಿಗೆ ತಲುಪಿದರೆ, ಯಾವ ಜನಗಣತಿಗೂ ಸಿಗದವರು ಹೆಸರು ಸಮೇತ ಸಿಗುತ್ತಾರೆ.

ಮದ್ಯವನ್ನೇ ನಿಲ್ಲಿಸಿದರೆ ಇದೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಸಾವಿರಾರು ಹೆಣ್ಣುಮಕ್ಕಳ ಬೇಡಿಕೆಗೆ ನನ್ನ ಪೂರ್ಣ ಗೌರವವಿದೆ. ಆದರೆ 2007ರ ಜುಲೈ 1ರಂದು ಸಾರಾಯಿ ನಿಂತ ಮೇಲೂ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ಟು ಬದಲಾಯಿತು. ನಿಷೇಧ ಬಂದರೂ ಬಾರದಿದ್ದರೂ ಈಗಾಗಲೇ ಅವಲಂಬನೆಗೆ ಬಿದ್ದವನ ಚಿಕಿತ್ಸೆಯ ಹೊಣೆ ಉಳಿದೇ ಇರುತ್ತದೆ.

ಹಣ ಮತ್ತು ಕಾನೂನು ಎರಡಕ್ಕೂ ಈಗಿರುವ ಏರ್ಪಾಡಿನಲ್ಲೇ ಆಧಾರವಿದೆ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ರಾತ್ರಿ ವಸತಿ ಎಂಬ ಸುಪ್ರೀಂ ಕೋರ್ಟಿನ ಮಾನದಂಡ, ಲಕ್ಷ ತಲುಪದ ನವಲಗುಂದಕ್ಕೂ ಕಲಘಟಗಿಗೂ ಅನ್ವಯವಾಗುವುದಿಲ್ಲ. ಆದರೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಗ್ರಾಮ ಪಂಚಾಯತಿಗಳೂ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಕರ ವಸೂಲಿ ಮಾಡುತ್ತವೆ. ಹಳ್ಳಿಯಲ್ಲಿ ಎತ್ತಿದ ಆ ಹಣ ದೂರದ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುತ್ತದೆ. ಅದರ ಒಂದು ಪಾಲು ತಾಲ್ಲೂಕಿನಲ್ಲೇ ಉಳಿದರೆ ತಾಲ್ಲೂಕು ಆಸ್ಪತ್ರೆಯ ಪಕ್ಕ ಆರೆಂಟು ಮಂಚಗಳ ಒಂದು ತಂಗುಮನೆ, ಒಬ್ಬ ಸಮಾಜಕಾರ್ಯಕರ್ತ ಅಸಾಧ್ಯವಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಮನೆಯಿಲ್ಲ ಅಥವಾ ಮನೆಯವರು ಒಪ್ಪುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ ಎನ್ನುವ ಅದರ 19ನೆಯ ಕಲಮು, ಸಮುದಾಯದಲ್ಲಿ ಬದುಕಲು ಬೇಕಾದ ಆಸರೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ಇಷ್ಟಾದರೂ ಹೊರಗುಳಿಯುವವರಿದ್ದಾರೆ, ನನ್ನ ದೃಷ್ಟಿಯಲ್ಲಿ ಅವರೇ ಈ ಚರ್ಚೆಯ ನಡುವೆ ಇರಬೇಕಾದವರು. ಸೇವೆಯಲ್ಲಿರುವಾಗಲೇ ಕುಡಿತಕ್ಕೆ ಬಿದ್ದವನಿಗೆ ಪದೇ ಪದೇ ಶಿಕ್ಷೆಯಾಗಿ, ದಾಖಲೆಯಲ್ಲಿ ಕೆಂಪು ಶಾಯಿಯ ನಮೂದುಗಳು ನಾಲ್ಕಾದರೆ ಅವನನ್ನು ಸೇವೆಗೆ ಬೇಡವಾದವನೆಂದು ಕಳಿಸಬಹುದು. ವಿಚಾರಣೆಯಿಲ್ಲದೆ ಬರೀ ಎಣಿಕೆಯ ಮೇಲೆ ಹಾಗೆ ಕಳಿಸಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಹೇಳಿತು. ಆದರೂ ದುರ್ನಡತೆಯ ಕಾರಣಕ್ಕೆ ಬಿಡುಗಡೆಯಾದವನು ಮಾಜಿ ಸೈನಿಕ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. 2003ರಿಂದ ನಡೆಯುತ್ತಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ಕು ಅವನದಲ್ಲ, ಸೈನಿಕ ಕಲ್ಯಾಣ ಇಲಾಖೆಯ ಪಟ್ಟಿಯಲ್ಲೂ ಅವನಿಲ್ಲ. ಯಾವ ಕಾಯಿಲೆಗೆ ಚಿಕಿತ್ಸೆ ಬೇಕಿತ್ತೋ ಆ ಕಾಯಿಲೆಯೇ ಅವನನ್ನು ಚಿಕಿತ್ಸೆಯಿಂದ ಹೊರಗಿಟ್ಟಿದೆ. 2022ರಲ್ಲಿ ಘೋಷಣೆಯಾದ ಅಗ್ನಿಪಥದ ಹುಡುಗರಲ್ಲಿ ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೂ, ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯ ಹೊರತು, ಪೆನ್ಶನ್ನೂ ಇಲ್ಲ, ಮಾಜಿ ಸೈನಿಕನ ಸ್ಥಾನವೂ ಇಲ್ಲ. ಅವರಲ್ಲಿ ಯಾರಾದರೊಬ್ಬ ಕುಡಿತಕ್ಕೆ ಬಿದ್ದರೆ ಹುಡುಕಲು ಜೀವಂತ ಪ್ರಮಾಣಪತ್ರದ ಪಟ್ಟಿ ನೆರವಾಗದು. ಆದ್ದರಿಂದ ತಾಲ್ಲೂಕಿನ ಆ ತಂಗುಮನೆಯ ಬಾಗಿಲಲ್ಲಿ ಕೇಳಬೇಕಾದದ್ದು ಡಿಸ್ಚಾರ್ಜ್ ಬುಕ್ಕನ್ನಲ್ಲ. ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿರಿ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬ ಎರಡು ಪ್ರಶ್ನೆಗಳನ್ನು.